ಮಳೆ ನಮ್ಮದು, ಕತೆಯಲ್ಲೂ ನಮ್ಮ ಪಾಲಿರಲಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಬೇರೆ ದೇಶದ ವಿದ್ಯಾರ್ಥಿಗಳ ಜೊತೆ ಸೇರಿ ಹವಾಮಾನ ಬದಲಾವಣೆ ಬಗ್ಗೆ ಅನಿಮೇಷನ್ ಮಾಡುವುದು ಹೇಗೆ ಅಂತ ಕಾಲೇಜಿನವರು ಕೇಳಿದ್ದಾರೆ, ಹೈಸ್ಕೂಲ್ ಮೇಷ್ಟ್ರು ಕೇಳಿದ್ದಾರೆ, ಒಬ್ಬ ತಾಯಿಯೂ ಕೇಳಿದ್ದಾರೆ. ಹಾಗಾಗಿ ಈ ತಿಂಗಳ ಪುಟಗಳನ್ನು ಪೂರ್ತಿ ಇದಕ್ಕೇ ಇಟ್ಟಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ (ಧಾರವಾಡ): ಮೇಡಂ, ನಾವು ಚಿತ್ರಕಲೆ ಓದುತ್ತಿರುವ ಐದು ಜನ. ಕೀನ್ಯಾದ ನೈರೋಬಿ ಮತ್ತು ಜರ್ಮನಿಯ ವಿದ್ಯಾರ್ಥಿಗಳ ಜೊತೆ ಸೇರಿ ಮೂರು ನಿಮಿಷದ ಅನಿಮೇಷನ್ ಮಾಡಬೇಕು. ಮೊದಲ ಮೀಟಿಂಗ್‌ನಲ್ಲಿ ಎಲ್ಲರೂ ಹೇಳಿದ್ದು ಒಂದೇ ಐಡಿಯಾ. ಭೂಮಿಗೆ ಜ್ವರ, ಬಾಯಲ್ಲಿ ಥರ್ಮಾಮೀಟರ್, ಹಣೆಯಲ್ಲಿ ಬೆವರು. ನನಗೆ ಯಾಕೋ ಇಷ್ಟವಾಗಲಿಲ್ಲ. ಆದರೆ ಬೇರೆ ಏನೂ ಹೊಳೆಯುತ್ತಿಲ್ಲ.

ಉತ್ತರ: ನಿಮಗೆ ಇಷ್ಟವಾಗದೆ ಇದ್ದದ್ದು ಒಳ್ಳೆಯದೇ ಆಯಿತು. ಜ್ವರ ಬಂದ ಭೂಮಿಯನ್ನು ಯಾರೂ ಕಣ್ಣಾರೆ ನೋಡಿಲ್ಲ. ನೋಡದೆ ಇರುವುದನ್ನು ಬಿಡಿಸಲು ಹೋದರೆ ಮೂರು ದೇಶದವರ ಚಿತ್ರವೂ ಒಂದೇ ಥರ ಬರುತ್ತದೆ. ಹಾಗಾದರೆ ಮೂರು ದೇಶದವರು ಯಾಕೆ ಸೇರಬೇಕು?

ಮೊದಲು ಊರಿಗೆ ಹೋಗಿ ಅಜ್ಜನ ಹತ್ತಿರವೋ ಅಜ್ಜಿಯ ಹತ್ತಿರವೋ ಕೂತು ಮಳೆಗಳ ಹೆಸರು ಕೇಳಿ. ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ. ನಮ್ಮ ರೈತರಿಗೆ ಮಳೆ ಅಂದರೆ ಬರೀ ಮಳೆಯಲ್ಲ. ಹದಿಮೂರು ಹದಿನಾಲ್ಕು ದಿನಕ್ಕೊಂದು ಹೆಸರು, ಒಂದೊಂದು ಹೆಸರಿಗೂ ಒಂದು ಸ್ವಭಾವ, ಹೊಲದಲ್ಲಿ ಒಂದು ಕೆಲಸ. ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಅನ್ನುವ ಗಾದೆ ನೀವೂ ಕೇಳಿರುತ್ತೀರಿ. ಇದನ್ನು ನೈರೋಬಿಯವರಿಗೆ ಹೇಳಿ ನೋಡಿ. ಅವರಲ್ಲೂ ಮಳೆಗೆ ಹೆಸರಿದೆ. ಮಾರ್ಚ್‌ನಿಂದ ಮೇವರೆಗಿನ ದೊಡ್ಡ ಮಳೆಗೆ ಸ್ವಾಹಿಲಿ ಭಾಷೆಯಲ್ಲಿ ಮಾಸಿಕಾ ಅನ್ನುತ್ತಾರೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಸಣ್ಣ ಮಳೆಗೆ ವುಲಿ. ಜರ್ಮನಿಯಲ್ಲಿ ಜೂನ್ 27ಕ್ಕೆ ಸೀಬೆನ್‌ಶ್ಲೇಫರ್ ಅಂತ ಒಂದು ದಿನ ಇದೆ. ಹಳೇ ಕತೆಯೊಂದರ ಏಳು ಜನ ನಿದ್ದೆಗಾರರ ದಿನ ಅದು. ಆ ದಿನ ಹವೆ ಹೇಗಿರುತ್ತದೋ ಮುಂದೆ ಏಳು ವಾರ ಹಾಗೇ ಇರುತ್ತದೆ ಅಂತ ಅಲ್ಲಿನ ರೈತರ ಮಾತು. ನೋಡಿ, ಮೂರು ದೇಶದ ಹಿರಿಯರೂ ಆಕಾಶ ನೋಡಿ ಲೆಕ್ಕ ಹಾಕಿದವರೇ. ಆ ಲೆಕ್ಕ ಈಗ ಮೂರು ಕಡೆಯೂ ಹದ ತಪ್ಪುತ್ತಿದೆ. ಇಲ್ಲಿ ಒಂದು ಕತೆ ಇದೆ ಅಲ್ವಾ?

ಇನ್ನೊಂದು ವಿಷಯ. ಮೂರು ತಂಡದವರೂ ನೀರಿನ ಪೆಟ್ಟು ತಿಂದ ನಾಡಿನವರು. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಹೊಳೆ ಊರೊಳಗೆ ನುಗ್ಗಿದ್ದು ನಿಮಗೆ ನೆನಪಿರಬೇಕು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಬೇಕಾಯಿತು. ಪೂರ್ವ ಆಫ್ರಿಕಾದಲ್ಲಿ 2020ರ ಕೊನೆಯಿಂದ ಸಾಲಾಗಿ ಐದು ಮಳೆಗಾಲ ಕೈಕೊಟ್ಟವು, ದನಕರು ಸತ್ತವು. ಆಮೇಲೆ 2024ರ ಏಪ್ರಿಲ್, ಮೇನಲ್ಲಿ ಅದೇ ಕೀನ್ಯಾ ನೀರಲ್ಲಿ ಮುಳುಗಿತು, ನೈರೋಬಿಯ ಬಡವರ ಬಡಾವಣೆಗಳೂ ಮುಳುಗಿದವು. ಜರ್ಮನಿಯ ಆರ್ ಕಣಿವೆಯಲ್ಲಿ 2021ರ ಜುಲೈನಲ್ಲಿ ಬಂದ ಪ್ರವಾಹಕ್ಕೆ ಆ ಒಂದು ಕಣಿವೆಯಲ್ಲೇ 130ಕ್ಕೂ ಹೆಚ್ಚು ಜನ ಹೋದರು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇಕಡಾ 7ರಷ್ಟು ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಅದಕ್ಕೇ ಸುರಿದಾಗ ಒಮ್ಮೆಲೇ ಸುರಿಯುತ್ತದೆ, ಸುರಿಯದೆ ಇದ್ದಾಗ ಅದೇ ಬಿಸಿ ಗಾಳಿ ನೆಲದ ತೇವವನ್ನೂ ಹೀರುತ್ತದೆ. ಒಂದೇ ಹೊಲ ಒಂದು ವರ್ಷ ಮುಳುಗಿ ಇನ್ನೊಂದು ವರ್ಷ ಬಿರುಕು ಬಿಡುವುದು ಹೇಗೆ ಅನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಈಗ ಮಾಡಬೇಕಾದ್ದು ಇಷ್ಟು. ಮುಂದಿನ ಮೀಟಿಂಗ್‌ಗೆ ಪ್ರತಿಯೊಬ್ಬರೂ ಕಣ್ಣಾರೆ ನೋಡಿದ ಮೂರು ಸಂಗತಿಗಳ ಸ್ಕೆಚ್ ತರಬೇಕು ಅಂತ ನಿಯಮ ಮಾಡಿ. ಗೋಡೆ ಮೇಲೆ ಉಳಿದ ನೀರಿನ ಗೆರೆ, ಅಟ್ಟಕ್ಕೆ ಏರಿಸಿದ ಜೋಳದ ಚೀಲ, ಟ್ಯಾಂಕರ್ ಮುಂದೆ ಸಾಲಾಗಿ ಇಟ್ಟ ಕೊಡಗಳು, ಯಾವುದಾದರೂ ಸರಿ. ಕತೆಯ ಮಾತು ಅವತ್ತೂ ಬೇಡ. ಎಲ್ಲರ ಸ್ಕೆಚ್‌ಗಳನ್ನು ಒಂದು ಪುಟದಲ್ಲಿ ಹಾಕಿ ಸುಮ್ನೆ ನೋಡುತ್ತಾ ಕೂತಿರಿ. ಎರಡು ದೇಶದ ಎರಡು ಚಿತ್ರ ಒಂದನ್ನೊಂದು ಕರೆಯುವುದು ಕಾಣುತ್ತದೆ. ಕತೆ ಅಲ್ಲಿಂದ ಏಳಲಿ.

ಮಾತಿಲ್ಲದೆ ಮಾಡಲು ಆಗುತ್ತದಾ ನೋಡಿ. 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಗೆದ್ದ ‘ಫ್ಲೋ’ದಲ್ಲಿ ಒಂದೇ ಒಂದು ಮಾತಿಲ್ಲ. ಮುಳುಗುತ್ತಿರುವ ಲೋಕದಲ್ಲಿ ಒಂದು ಬೆಕ್ಕು, ದೋಣಿಯಲ್ಲಿ ಜೊತೆಯಾಗುವ ಬೇರೆ ಪ್ರಾಣಿಗಳು, ಅಷ್ಟೇ. ಲಾಟ್ವಿಯಾ, ಫ್ರಾನ್ಸ್, ಬೆಲ್ಜಿಯಂ ಮೂರು ದೇಶದವರು ಸೇರಿ ಮಾಡಿದ್ದು, ಅದೂ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ಬ್ಲೆಂಡರ್ ತಂತ್ರಾಂಶದಲ್ಲಿ. ನಿಮ್ಮ ಕಾಲೇಜಿನ ಕಂಪ್ಯೂಟರ್‌ನಲ್ಲೂ ಅದೇ ಬ್ಲೆಂಡರ್ ನಡೆಯುತ್ತದೆ.

ಪ್ರಶ್ನೆ (ಬೆಂಗಳೂರು): ನಮ್ಮದು ಯುರೋಪಿನ ಒಂದು ಕಾಲೇಜಿನ ಜೊತೆ ಜಂಟಿ ಪ್ರಾಜೆಕ್ಟ್. ಕತೆ, ಪಾತ್ರಗಳ ವಿನ್ಯಾಸ, ಸ್ಟೋರಿಬೋರ್ಡ್ (ಕತೆಯನ್ನು ಶಾಟ್ ಶಾಟಾಗಿ ಬಿಡಿಸಿದ ಚಿತ್ರಗಳ ಸಾಲು) ಎಲ್ಲಾ ಅವರೇ ಮಾಡಿ ಕಳಿಸಿದ್ದಾರೆ. ನಮಗೆ ಕ್ಲೀನ್‌ಅಪ್, ಅಂದರೆ ಒರಟು ಗೆರೆ ತಿದ್ದುವ ಕೆಲಸ, ಮತ್ತು ಬಣ್ಣ ತುಂಬುವ ಕೆಲಸ ಕೊಟ್ಟಿದ್ದಾರೆ. ನೀವು ಕೆಲಸದಲ್ಲಿ ತುಂಬಾ ಚುರುಕು ಅಂತ ಹೊಗಳುತ್ತಾರೆ. ನಮ್ಮ ಗೈಡ್ ಕೂಡ ಇದೊಳ್ಳೆ ಅವಕಾಶ ಅನ್ನುತ್ತಾರೆ. ನನಗೆ ಮಾತ್ರ ಒಳಗೊಳಗೇ ಬೇಜಾರು. ನಾನು ಜಾಸ್ತಿ ಯೋಚನೆ ಮಾಡುತ್ತಿದ್ದೇನಾ?

ಉತ್ತರ: ಇಲ್ಲ, ಸರಿಯಾಗೇ ಯೋಚನೆ ಮಾಡುತ್ತಿದ್ದೀರಿ. ಈ ಪ್ರಶ್ನೆ ಓದಿ ನಾನು ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟು ಕೂತೆ.

ನಾನು ಕಲಿಸುವ ಕೆಲಸಕ್ಕೆ ಬರುವ ಮುಂಚೆ ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಒಂಬತ್ತು ವರ್ಷ ಇದ್ದೆ. ವಿದೇಶದ ಟೀವಿ ಸರಣಿಗಳಿಗೆ ಇನ್‌ಬಿಟ್ವೀನ್ ಮಾಡುವುದು ಕೆಲಸ. ಅಂದರೆ ಮುಖ್ಯ ಭಂಗಿಗಳನ್ನು ಬೇರೆಯವರು ಬಿಡಿಸಿರುತ್ತಾರೆ, ನಡುವಿನ ಚಿತ್ರಗಳನ್ನು ನಾವು ತುಂಬಬೇಕು. ಕತೆ ಏನು ಅಂತ ಎಷ್ಟೋ ಸಲ ನಮಗೆ ಹೇಳುತ್ತಲೇ ಇರಲಿಲ್ಲ. ಹದಿನಾಲ್ಕನೇ ಶಾಟ್‌ನಲ್ಲಿ ನಾಯಿ ತಲೆ ತಿರುಗಿಸಬೇಕು, ಅಷ್ಟೇ. ನಾಯಿ ಯಾರನ್ನು ನೋಡಲು ತಿರುಗುತ್ತದೆ ಅಂತ ಕೇಳಿದರೆ ಅದು ನಿಮಗೆ ಬೇಡ ಅನ್ನುತ್ತಿದ್ದರು. ಕೈ ಪಳಗಿತು, ಸಂಬಳ ಬಂತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಒಂಬತ್ತು ವರ್ಷದಲ್ಲಿ ಇದು ನನ್ನ ಕತೆ ಅಂತ ತೋರಿಸಲು ನನ್ನ ಹತ್ತಿರ ಒಂದು ನಿಮಿಷದ ಚಿತ್ರವೂ ಇರಲಿಲ್ಲ. ಹೊಟ್ಟೆಪಾಡಿನ ಕೆಲಸದಲ್ಲಿ ಅದು ನಡೆದುಹೋಗುತ್ತದೆ. ಓದುವ ವಯಸ್ಸಿನಲ್ಲೇ, ಅದೂ ಒಟ್ಟಿಗೆ ಕಲಿಯೋಣ ಅಂತ ಸೇರಿದ ಪ್ರಾಜೆಕ್ಟ್‌ನಲ್ಲೇ ಹಾಗಾಗಬಾರದು.

ವಿಷಯ ಹವಾಮಾನ ಬದಲಾವಣೆ ಆದಾಗಲಂತೂ ಖಂಡಿತ ಆಗಬಾರದು. ಇಂಗಾಲದ ಹೊಗೆಯಲ್ಲಿ ದೊಡ್ಡ ಪಾಲು ಹಿಂದಿನಿಂದಲೂ ಶ್ರೀಮಂತ ದೇಶಗಳದ್ದು. ಬಿಸಿಲಲ್ಲಿ ನಿಂತು ಕೆಲಸ ಮಾಡುವವರು, ಮಳೆ ನಂಬಿ ಬಿತ್ತುವವರು ಹೆಚ್ಚು ಇರುವುದು ನಮ್ಮಂಥ ಕಡೆ. ಹೀಗಿರುವಾಗ ಕತೆ ಕಟ್ಟುವ ಜಾಗ ಅವರಿಗೆ, ಬಣ್ಣ ತುಂಬುವ ಜಾಗ ನಮಗೆ ಅಂದರೆ ಆ ಚಿತ್ರ ಏನನ್ನು ಹೇಳಲು ಹೊರಟಿದೆಯೋ ಅದಕ್ಕೇ ವಿರುದ್ಧವಾಗಿ ಚಿತ್ರ ತಯಾರಾದ ಹಾಗಾಗುತ್ತದೆ.

ಆ ಕಡೆಯ ಹುಡುಗರು ಕೆಟ್ಟವರು ಅಂತ ಅಲ್ಲ. ಬಹಳ ಸಲ ಅವರಿಗೆ ಇದು ಹೊಳೆದೇ ಇರುವುದಿಲ್ಲ. ಸಿಟ್ಟು ಮಾಡದೆ ನೇರವಾಗಿ ಬರೆಯಿರಿ. ‘ನಿಮ್ಮ ಸ್ಟೋರಿಬೋರ್ಡ್ ನೋಡಿದೆವು. ನಾಲ್ಕರಿಂದ ಒಂಬತ್ತನೇ ಶಾಟ್ ನಮ್ಮ ದೇಶದಲ್ಲಿ ನಡೆಯುತ್ತದೆ. ಆ ಶಾಟ್‌ಗಳನ್ನು ನಾವು ಹೊಸದಾಗಿ ಬರೆದು ಶುಕ್ರವಾರ ಕಳಿಸುತ್ತೇವೆ. ನಮ್ಮ ಶಾಟ್‌ಗಳಿಗೆ ಅರ್ಧ ಬಣ್ಣ ನೀವು ತುಂಬಿ, ನಿಮ್ಮದಕ್ಕೆ ಅರ್ಧ ನಾವು ತುಂಬುತ್ತೇವೆ.’ ಅನುಮತಿ ಕೇಳುತ್ತಾ ಕೂರಬೇಡಿ, ಶುಕ್ರವಾರ ಕಳಿಸಿಯೇಬಿಡಿ. ಕೈಯಲ್ಲಿ ಸ್ಟೋರಿಬೋರ್ಡ್ ಇರುವವರ ಮಾತು ನಡೆಯುತ್ತದೆ.

ಚೆನ್ನಾಗಿ ನಡೆದದ್ದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. 1992ರಲ್ಲಿ ಮುಗಿದ ಜಪಾನ್ ಮತ್ತು ಭಾರತದ ಜಂಟಿ ಅನಿಮೇಷನ್ ರಾಮಾಯಣವನ್ನು ಯುಗೋ ಸಾಕೋ, ಕೊಯಿಚಿ ಸಸಾಕಿ ಅವರ ಜೊತೆ ನಮ್ಮ ರಾಮ್ ಮೋಹನ್ ಅವರೂ ನಿರ್ದೇಶಿಸಿದರು. ಸುಮಾರು 450 ಕಲಾವಿದರ ಕೆಲಸ ಅದು. ಬಿಡಿಸಿದ್ದು ಹೆಚ್ಚಾಗಿ ಜಪಾನಿನವರು. ಆದರೆ ಪಂಚೆ ಉಡುವುದು ಹೇಗೆ, ಹಿರಿಯರಿಂದ ಮಕ್ಕಳು ಆಶೀರ್ವಾದ ಪಡೆಯುವುದು ಹೇಗೆ ಅಂತ ನಮ್ಮವರು ಹೇಳಿಕೊಟ್ಟರು, ಅವರು ಕೇಳಿಸಿಕೊಂಡರು. ಕೇಳಿಸಿಕೊಂಡದ್ದು ಆ ಚಿತ್ರದಲ್ಲಿ ಇವತ್ತಿಗೂ ಕಾಣುತ್ತದೆ.

ಪ್ರಶ್ನೆ (ಪಾವಗಡ): ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕ. ಬೇರೆ ದೇಶದ ಶಾಲೆಯೊಂದು ನಮ್ಮ ಮಕ್ಕಳ ಜೊತೆ ಅನಿಮೇಷನ್ ಮಾಡಲು ಒಪ್ಪಿದೆ. ನಮ್ಮ ಹತ್ತಿರ ಇರುವುದು ನನ್ನ ಮೊಬೈಲ್ ಒಂದೇ. ಕರೆಂಟ್ ಆಗಾಗ ಹೋಗುತ್ತದೆ. ಇದು ಆಗುವ ಕೆಲಸವಾ?

ಉತ್ತರ: ಆಗುತ್ತದೆ ಮೇಷ್ಟ್ರೇ, ಖಂಡಿತ ಆಗುತ್ತದೆ.

ಸ್ಟಾಪ್ ಮೋಷನ್ ಮಾಡಿಸಿ. ಕಾಗದದ ಗೊಂಬೆಯನ್ನು ಸ್ವಲ್ಪ ಸರಿಸುವುದು, ಒಂದು ಫೋಟೋ. ಮತ್ತೆ ಸ್ವಲ್ಪ ಸರಿಸುವುದು, ಮತ್ತೊಂದು ಫೋಟೋ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ ಓಡುತ್ತದೆ, ಆದರೆ ಒಂದೇ ಫೋಟೋವನ್ನು ಎರಡು ಫ್ರೇಮ್ ಹೊತ್ತು ಹಿಡಿದರೆ 12 ಫೋಟೋ ಸಾಕು. ಮಕ್ಕಳಿಗೆ 8 ಇಟ್ಟರೂ ನಡೆಯುತ್ತದೆ. ಅರ್ಧ ನಿಮಿಷದ ಚಿತ್ರಕ್ಕೆ 240 ಫೋಟೋ ಆಯಿತು. ಮೂವತ್ತು ಮಕ್ಕಳಿದ್ದರೆ ತಲೆಗೆ ಎಂಟು. ಎರಡು ಶನಿವಾರದ ಕೆಲಸ.

ಮೊಬೈಲನ್ನು ಸ್ಟೂಲಿನ ಅಂಚಿಗೆ ಕೆಳಮುಖವಾಗಿ ಗಟ್ಟಿ ಟೇಪ್ ಹಾಕಿ ಅಂಟಿಸಿ, ಕೆಳಗೆ ನೆಲದ ಮೇಲೆ ಗೊಂಬೆಗಳು. ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ. ಲಾಕ್ ಮಾಡದಿದ್ದರೆ ಮಗುವಿನ ಕೈ ಒಳಗೆ ಬಂದು ಹೋದ ಹಾಗೆಲ್ಲಾ ಚಿತ್ರ ಕಪ್ಪಾಗಿ ಬೆಳ್ಳಗಾಗಿ ಮಿನುಗುತ್ತದೆ. ಕಿಟಕಿ ಬಿಸಿಲು ಬೇಡ, ಗಂಟೆಗೊಂದು ಥರ ಸರಿಯುತ್ತದೆ. ಕಿಟಕಿಗೆ ಬೆಡ್‌ಶೀಟ್ ಕಟ್ಟಿ, ಚಾರ್ಜ್ ಮಾಡುವ ಎಲ್‌ಇಡಿ ದೀಪ ಎರಡು ಇಟ್ಟರೆ ಕರೆಂಟಿನ ತೊಂದರೆಯೂ ತಪ್ಪಿತು. ಫ್ಯಾನ್ ಆರಿಸಿ, ಕಾಗದ ಹಾರುತ್ತದೆ.

ಗೊಂಬೆಗೆ ತೊಗಲು ಗೊಂಬೆಯ ಹಾಗೆ ಮೊಣಕೈ, ಭುಜ, ಸೊಂಟದಲ್ಲಿ ಕೀಲು ಇರಲಿ, ದಾರದಿಂದ ಗಂಟು ಹಾಕಿದರೆ ಸಾಕು. ನಮ್ಮ ತೊಗಲು ಗೊಂಬೆಯಾಟದವರು ಪರದೆ ಹಿಂದೆ ದೀಪ ಇಟ್ಟು ನೂರಾರು ವರ್ಷದಿಂದ ಮಾಡಿಕೊಂಡು ಬಂದಿರುವುದು ಇದೇ ಕಲೆ. ಆ ಮಾತನ್ನು ಆ ದೇಶದ ಮಕ್ಕಳಿಗೆ ಹೇಳಲು ನಿಮ್ಮ ಮಕ್ಕಳಿಗೇ ಬಿಡಿ, ಅವರ ಮುಖ ನೋಡಬೇಕು ಆಗ.

ವಿಷಯಕ್ಕಂತೂ ನೀವು ದೂರ ಹೋಗಬೇಕಿಲ್ಲ. ನಿಮ್ಮ ತಾಲ್ಲೂಕಿನಲ್ಲೇ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ. ಮಳೆ ಇಲ್ಲದ ನೆಲ, ಮೇಲೆ ಬೇಡವೆಂದರೂ ಸುರಿಯುವ ಬಿಸಿಲು, ಜಮೀನನ್ನು ಗುತ್ತಿಗೆ ಕೊಟ್ಟ ರೈತರು, ಜಮೀನೇ ಇಲ್ಲದೆ ಕೂಲಿ ಕಳೆದುಕೊಂಡವರು. ಮಕ್ಕಳು ದಿನಾ ನೋಡುವ ಲೋಕ ಅದು. ಒಳ್ಳೆಯದನ್ನೂ ಕಷ್ಟವನ್ನೂ ಎರಡನ್ನೂ ಬಿಡಿಸಲಿ. ಒಂದು ಎಚ್ಚರ ಮಾತ್ರ ಇಟ್ಟುಕೊಳ್ಳಿ. ಮಕ್ಕಳ ಮುಖ, ಪೂರ್ತಿ ಹೆಸರು, ಫೋನ್ ನಂಬರ್ ಯಾವುದೂ ಆ ಕಡೆಗೆ ಹೋಗಬಾರದು. ಪತ್ರವ್ಯವಹಾರ ನಿಮ್ಮ ಮತ್ತು ಅಲ್ಲಿನ ಶಿಕ್ಷಕರ ನಡುವೆ ಇರಲಿ, ಅಪ್ಪ ಅಮ್ಮಂದಿರ ಒಪ್ಪಿಗೆ ಬರಹದಲ್ಲಿ ಇರಲಿ.

ಈ ಥರ ದೇಶ ದಾಟಿ ಒಟ್ಟಿಗೆ ಕಲಿಯುವುದು ಹೊಸ ಶೋಕಿ ಅಂತ ಯಾರಾದರೂ ಅಂದರೆ ನಂಬಬೇಡಿ. ಐಅರ್ನ್ ಅನ್ನುವ ಶಾಲೆಗಳ ಜಾಲ 1988ರಿಂದ ಇದನ್ನೇ ಮಾಡಿಕೊಂಡು ಬಂದಿದೆ, ಭಾರತದಲ್ಲೂ ಇದೆ. ಕಾಲೇಜು ಮಟ್ಟದಲ್ಲಿ ಇದಕ್ಕೆ ಕಾಯಿಲ್ ಅನ್ನುತ್ತಾರೆ. ನ್ಯೂಯಾರ್ಕ್ ರಾಜ್ಯದ ವಿಶ್ವವಿದ್ಯಾಲಯ 2006ರಲ್ಲಿ ಅದಕ್ಕೊಂದು ಕೇಂದ್ರ ತೆರೆಯಿತು. ಅದನ್ನು ಕಟ್ಟಿದ ಜಾನ್ ರೂಬಿನ್ ಸಿನಿಮಾ ಕಲಿಸುತ್ತಿದ್ದ ಮೇಷ್ಟ್ರು.

ಪ್ರಶ್ನೆ (ಮಂಗಳೂರು): ನಮ್ಮ ತಂಡದಲ್ಲಿ ಜಪಾನ್, ಬ್ರೆಜಿಲ್, ಕೀನ್ಯಾದವರಿದ್ದಾರೆ. ಎಲ್ಲರಿಗೂ ಹೊಂದುವ ಹೊತ್ತೇ ಸಿಗುತ್ತಿಲ್ಲ. ಜೊತೆಗೆ ಮೀಟಿಂಗ್‌ನಲ್ಲಿ ಇಂಗ್ಲಿಷ್‌ನಲ್ಲಿ ಮಾತಾಡಬೇಕು ಅಂದರೆ ನನ್ನ ಬಾಯಿ ಕಟ್ಟುತ್ತದೆ.

ಉತ್ತರ: ನಮ್ಮ ಸಂಜೆ 7.30ಕ್ಕೆ ನೈರೋಬಿಯಲ್ಲಿ 5 ಗಂಟೆ, ಸಾವೋ ಪಾಲೋದಲ್ಲಿ ಬೆಳಗ್ಗೆ 11, ಟೋಕಿಯೋದಲ್ಲಿ ರಾತ್ರಿ 11. ಜಪಾನಿನವರಿಗೆ ಕಷ್ಟ. ಹಾಗಾಗಿ ಕಷ್ಟವನ್ನೂ ಹಂಚಿಕೊಳ್ಳಿ. ಒಂದು ವಾರ ಅವರು ನಿದ್ದೆಗೆಡಲಿ, ಮುಂದಿನ ವಾರ ನೀವು ಬೇಗ ಏಳಿ. ವಾರಕ್ಕೆ ಒಂದೇ ಮೀಟಿಂಗ್, ನಲವತ್ತು ನಿಮಿಷ ಮೀರಬಾರದು. ಉಳಿದದ್ದೆಲ್ಲಾ ಚಿತ್ರದಲ್ಲೇ ನಡೆಯಲಿ.

ಬಾಯಿ ಕಟ್ಟುವ ಬಗ್ಗೆ ಹೇಳಬೇಕೆಂದರೆ, ಜಪಾನಿನ ಹುಡುಗನಿಗೂ ಬ್ರೆಜಿಲಿನ ಹುಡುಗಿಗೂ ಇಂಗ್ಲಿಷ್ ಮನೆಮಾತಲ್ಲ, ಅವರೂ ತಡವರಿಸುತ್ತಿರುತ್ತಾರೆ. ನೀವು ಹೇಳಬೇಕಾದ್ದನ್ನು ಹೇಳಬೇಡಿ, ತೋರಿಸಿ. ಒರಟು ಗೆರೆಯ ಚಿತ್ರಗಳನ್ನು ಸಾಲಾಗಿ ಜೋಡಿಸಿ, ಬಾಯಲ್ಲೇ ಸದ್ದು ಮಾಡಿ ರೆಕಾರ್ಡ್ ಮಾಡಿ ಒಂದು ಅನಿಮ್ಯಾಟಿಕ್ ಕಳಿಸಿ. ಹತ್ತು ನಿಮಿಷ ವಿವರಿಸಿದರೂ ತಲುಪದ್ದು ಇಪ್ಪತ್ತು ಸೆಕೆಂಡಿನ ಅನಿಮ್ಯಾಟಿಕ್‌ನಲ್ಲಿ ತಲುಪುತ್ತದೆ. ಮೀಟಿಂಗ್‌ನಲ್ಲಿ ತೀರ್ಮಾನವಾದದ್ದನ್ನು ಅವತ್ತೇ ಐದು ಸಾಲು ಬರೆದು ಎಲ್ಲರಿಗೂ ಕಳಿಸುವ ಕೆಲಸ ನೀವೇ ಕೇಳಿ ತೆಗೆದುಕೊಳ್ಳಿ. ಬರೆಯುವಾಗ ಯೋಚಿಸಲು ಹೊತ್ತು ಸಿಗುತ್ತದೆ, ತಂಡದಲ್ಲಿ ನಿಮ್ಮ ಮಾತಿಗೆ ತೂಕವೂ ಬರುತ್ತದೆ.

ಪ್ರಶ್ನೆ (ಕಲಬುರಗಿ): ಬೇರೆ ಬೇರೆ ದೇಶದಿಂದ ಬರುವ ಶಾಟ್‌ಗಳನ್ನು ಒಂದು ಮಾಡುವಾಗ ಏನೇನು ತಪ್ಪಾಗುತ್ತದೆ? ಜೋಡಿಸುವ ಜವಾಬ್ದಾರಿ ನನ್ನದು, ಭಯವಾಗುತ್ತಿದೆ.

ಉತ್ತರ: ಭಯವನ್ನು ಶುರುವಿನಲ್ಲೇ ಕಳೆದುಕೊಳ್ಳಿ. ಮೊದಲ ವಾರವೇ ಪ್ರತಿ ತಂಡದಿಂದ ಎರಡು ಸೆಕೆಂಡಿನ ಏನೋ ಒಂದನ್ನು ತರಿಸಿ, ಜೋಡಿಸಿ, ಸಿನಿಮಾ ಮಾಡಿ ನೋಡಿ. ಆಗುವ ತಪ್ಪೆಲ್ಲಾ ಅಲ್ಲೇ ಆಗಿಹೋಗುತ್ತದೆ.

ನಾನು ಒಂದು ಸಲ ಹಾಗೆ ಮಾಡದೆ ಕೆಟ್ಟೆ. ನಮ್ಮ ವಿದ್ಯಾರ್ಥಿಗಳು 25 ಫ್ರೇಮ್‌ನಲ್ಲಿ ಕೆಲಸ ಮಾಡಿದ್ದರು, ಆ ಕಡೆಯವರು 24ರಲ್ಲಿ. ಒಂದು ಫ್ರೇಮ್ ತಾನೇ ಅಂದುಕೊಂಡೆವು. ಆದರೆ 24ರಲ್ಲಿ ಮಾಡಿದ ಒಂದು ನಿಮಿಷಕ್ಕೆ 1,440 ಫ್ರೇಮ್. ಅದನ್ನು 25ರಲ್ಲಿ ಓಡಿಸಿದರೆ 57.6 ಸೆಕೆಂಡಿಗೇ ಮುಗಿಯುತ್ತದೆ. ಮೂರು ನಿಮಿಷದ ಕೊನೆಗೆ ಶಬ್ದ ಏಳು ಸೆಕೆಂಡಿಗೂ ಹೆಚ್ಚು ಹಿಂದೆ ಬಿದ್ದಿತ್ತು. ಗುಡುಗು ಬರುವಷ್ಟರಲ್ಲಿ ಮಳೆಯೇ ನಿಂತಿರುತ್ತಿತ್ತು. ಹನ್ನೊಂದು ಶಾಟ್ ಹೊಸದಾಗಿ ಮಾಡಬೇಕಾಯಿತು, ಮಕ್ಕಳು ಪರೀಕ್ಷೆ ಹಿಂದಿನ ರಾತ್ರಿಯೂ ಕೂತಿದ್ದರು. ಅದು ನನಗೆ ಇವತ್ತಿಗೂ ನೋವಿನ ನೆನಪು.

ಆದ್ದರಿಂದ ಒಂದೇ ಫ್ರೇಮ್ ದರ, ಒಂದೇ ಅಳತೆ, ಅಂದರೆ 1920 ಗುಣಿಸು 1080 ಪಿಕ್ಸೆಲ್. ಬ್ಲೆಂಡರ್ ಆದರೆ ಎಲ್ಲರ ಹತ್ತಿರವೂ ಒಂದೇ ಆವೃತ್ತಿ. ಬಣ್ಣದ ಸೆಟ್ಟಿಂಗ್‌ನಲ್ಲಿ ಒಬ್ಬರು ಎಜಿಎಕ್ಸ್, ಇನ್ನೊಬ್ಬರು ಸ್ಟ್ಯಾಂಡರ್ಡ್ ಇಟ್ಟರೆ ಒಂದೇ ಹಸಿರು ಎರಡು ಥರ ಕಾಣುತ್ತದೆ. ಚಪ್ಪಟೆ ಬಣ್ಣದ ಚಿತ್ರವಾದರೆ ಸ್ಟ್ಯಾಂಡರ್ಡ್ ಇಡಿ. ಶಾಟ್‌ಗಳನ್ನು ವಿಡಿಯೋ ಮಾಡಿ ಕಳಿಸಬೇಡಿ ಅನ್ನಿ, ಪಿಎನ್‌ಜಿ ಚಿತ್ರಗಳ ಸಾಲಾಗಿ ಕಳಿಸಲಿ. ನೆಟ್ ಮಧ್ಯೆ ಕಡಿದರೂ ಉಳಿದದ್ದನ್ನಷ್ಟೇ ಕಳಿಸಬಹುದು, ಒಂದು ಫ್ರೇಮ್ ಕೆಟ್ಟರೆ ಅದೊಂದನ್ನೇ ತಿದ್ದಬಹುದು. ಫೈಲಿನ ಹೆಸರಲ್ಲಿ ಶಾಟ್ ಸಂಖ್ಯೆ, ದೇಶದ ಎರಡಕ್ಷರ, ಆವೃತ್ತಿ ಸಂಖ್ಯೆ ಇದೇ ಕ್ರಮದಲ್ಲಿ ಇರಲಿ. ‘ಫೈನಲ್’, ‘ಫೈನಲ್ ಹೊಸದು’ ಅನ್ನುವ ಹೆಸರು ಇಡಲು ಯಾರಿಗೂ ಬಿಡಬೇಡಿ.

ಚಿತ್ರದಲ್ಲಿ ಕನ್ನಡ ಅಕ್ಷರ ಬರಬೇಕಿದ್ದರೆ ಬ್ಲೆಂಡರ್ ಒಳಗೆ ಟೈಪ್ ಮಾಡಬೇಡಿ, ಒತ್ತಕ್ಷರಗಳು ಒಡೆದು ಬೀಳುತ್ತವೆ. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬರೆದು ಚಿತ್ರವಾಗಿ ಒಳಗೆ ತನ್ನಿ. ಮಳೆ, ಗಾಳಿ, ಹಕ್ಕಿಯ ಸದ್ದು ನಿಮ್ಮ ಮೊಬೈಲಿನಲ್ಲೇ ಹಿಡಿಯಿರಿ. ಸಿಗದಿದ್ದರೆ ಫ್ರೀಸೌಂಡ್ ಅನ್ನುವ ಸದ್ದುಗಳ ಜಾಲತಾಣದಿಂದ ತೆಗೆದುಕೊಳ್ಳಿ, ಆದರೆ ಪ್ರತಿ ಸದ್ದಿನ ಲೈಸೆನ್ಸ್ ಓದಿ, ಹೆಸರು ಹಾಕಬೇಕು ಅಂದಿದ್ದರೆ ಹಾಕಿ.

ಪ್ರಶ್ನೆ (ಶಿವಮೊಗ್ಗ): ನಾನು ನಿವೃತ್ತ ವಿಜ್ಞಾನ ಶಿಕ್ಷಕ. ವಿದ್ಯಾರ್ಥಿಗಳ ಇಂಥ ಚಿತ್ರಗಳ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಓಜೋನ್ ತೂತು, ಪ್ಲಾಸ್ಟಿಕ್, ತಾಪಮಾನ ಏರಿಕೆ ಎಲ್ಲವನ್ನೂ ಒಂದೇ ಸಾರಿನಲ್ಲಿ ಹಾಕಿ ಕುದಿಸಿದ್ದರು. ಚಿತ್ರ ಚೆಂದ, ವಿಷಯ ತಪ್ಪು. ನೀವು ಇದರ ಬಗ್ಗೆ ಬರೆಯಬೇಕು.

ಉತ್ತರ: ಬರೆಯಲೇಬೇಕು ಸರ್. ಓಜೋನ್ ಪದರ ತೆಳುವಾದದ್ದು ಮುಖ್ಯವಾಗಿ ಫ್ರಿಜ್, ಸ್ಪ್ರೇಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲಗಳಿಂದ. 1987ರ ಮಾಂಟ್ರಿಯಲ್ ಒಪ್ಪಂದದ ಮೇಲೆ ಅವುಗಳಿಗೆ ಕಡಿವಾಣ ಬಿತ್ತು, ಪದರ ಚೇತರಿಸಿಕೊಳ್ಳುತ್ತಿದೆ. ಭೂಮಿ ಬಿಸಿಯಾಗುತ್ತಿರುವುದು ಆ ತೂತಿನಿಂದ ಬಿಸಿಲು ನುಗ್ಗಿದ್ದಕ್ಕಲ್ಲ, ಕಲ್ಲಿದ್ದಲು, ಪೆಟ್ರೋಲ್, ಗ್ಯಾಸ್ ಸುಟ್ಟ ಹೊಗೆ ಶಾಖವನ್ನು ಹಿಡಿದಿಟ್ಟುಕೊಳ್ಳುವುದಕ್ಕೆ. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳತೆ ಶುರುವಾದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 315 ಭಾಗ ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಬೀದಿಯ ಪ್ಲಾಸ್ಟಿಕ್ ದೊಡ್ಡ ಸಮಸ್ಯೆಯೇ, ಆದರೆ ಅದು ಇನ್ನೊಂದು ಚಿತ್ರ. ತೇಲುವ ಮಂಜುಗಡ್ಡೆ ಕರಗಿ ಸಮುದ್ರ ಏರುವ ಹಾಗೆ ತೋರಿಸುವುದೂ ಸರಿಯಲ್ಲ. ಶರಬತ್ತಿನ ಲೋಟದಲ್ಲಿ ಐಸ್ ಕರಗಿದರೆ ಲೋಟ ತುಂಬಿ ಚೆಲ್ಲುವುದಿಲ್ಲ ಅಲ್ವಾ? ಸಮುದ್ರ ಏರುವುದು ನೆಲದ ಮೇಲಿನ ಹಿಮ ಕರಗಿ ಹರಿದು ಸೇರುವುದರಿಂದ ಮತ್ತು ಬಿಸಿಯಾದ ನೀರು ಹಿಗ್ಗುವುದರಿಂದ.

ವಿಜ್ಞಾನ ಸರಿ ಇದ್ದೂ ಚಿತ್ರ ಮನಸ್ಸಿಗೆ ನಾಟಬಹುದು ಅನ್ನುವುದಕ್ಕೆ ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಎಡ್ ಹಾಕಿನ್ಸ್ 2016ರಲ್ಲಿ ಮಾಡಿದ ಸುರುಳಿ ಸಾಕ್ಷಿ. ತಿಂಗಳುಗಳನ್ನು ಗಡಿಯಾರದ ಹಾಗೆ ವೃತ್ತದಲ್ಲಿ ಇಟ್ಟು, 1850ರಿಂದ ಪ್ರತಿ ತಿಂಗಳ ತಾಪಮಾನವನ್ನು ಒಂದು ಗೆರೆಯಾಗಿ ಸುತ್ತಿಸಿದ್ದಾರೆ. ಗೆರೆ ಮೊದಲು ಒಳಗೇ ತಿರುಗುತ್ತದೆ, ಆಮೇಲೆ ನೋಡನೋಡುತ್ತಾ ಹೊರಕ್ಕೆ ಹೊರಕ್ಕೆ ಹೋಗುತ್ತದೆ. ಆ ವರ್ಷದ ರಿಯೋ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಅದನ್ನು ತೋರಿಸಿದರು. ಪಾತ್ರ ಇಲ್ಲ, ಸಂಗೀತ ಬೇಕಿಲ್ಲ, ಬರೀ ಅಂಕಿ. ಸರ್, ನಿಮ್ಮಂಥವರು ತೀರ್ಪು ಹೇಳುವ ಮುಂಚೆಯೇ, ಸ್ಟೋರಿಬೋರ್ಡ್ ಹಂತದಲ್ಲೇ ಒಂದು ತಂಡದ ಜೊತೆ ಕೂತರೆ ಎಷ್ಟು ಉಪಕಾರ! ದಯವಿಟ್ಟು ನಿಮ್ಮೂರಿನ ಕಾಲೇಜಿಗೆ ಒಮ್ಮೆ ಹೋಗಿ ಕೇಳಿ.

ಪ್ರಶ್ನೆ (ಮೈಸೂರು): ಮಗಳು ಈ ಪ್ರಾಜೆಕ್ಟ್ ಅಂತ ರಾತ್ರಿ ಒಂದು ಗಂಟೆವರೆಗೂ ಕೂತಿರುತ್ತಾಳೆ. ಇದರಿಂದ ಕೆಲಸ ಸಿಗುತ್ತದಾ?

ಉತ್ತರ: ಇದೊಂದರಿಂದಲೇ ಸಿಗುವುದಿಲ್ಲ ಅಮ್ಮಾ. ಆದರೆ ಕೆಲಸಕ್ಕೆ ಕರೆಯುವವರು ಮಾರ್ಕ್ಸ್ ಕಾರ್ಡಿಗಿಂತ ಮೊದಲು ಕೇಳುವುದು ಮಾಡಿದ ಚಿತ್ರಗಳನ್ನು. ಬೇರೆಯವರ ಜೊತೆ ಹೊಂದಿಕೊಂಡು ಗಡುವಿನೊಳಗೆ ಮುಗಿಸಿದ ಒಂದು ಚಿತ್ರ ಅದರಲ್ಲಿ ಇದ್ದರೆ ಬೆಲೆ ಇದೆ. ಚಿತ್ರದ ಕೊನೆಯಲ್ಲಿ ಅವಳು ಮಾಡಿದ ಕೆಲಸ ಅವಳ ಹೆಸರಿನ ಮುಂದೆ ಸರಿಯಾಗಿ ಬರುತ್ತದಾ ಅಂತ ಈಗಲೇ ಕೇಳಿಕೊಳ್ಳಲು ಹೇಳಿ. ಮತ್ತೆ ರಾತ್ರಿ ಒಂದು ಗಂಟೆ ಬೇಡ. ಆ ಹೊತ್ತಿನಲ್ಲಿ ಬಿಡಿಸಿದ ಗೆರೆಯನ್ನು ಬೆಳಗ್ಗೆ ಎದ್ದು ಅಳಿಸಬೇಕಾಗುತ್ತದೆ, ನನ್ನ ಅನುಭವದ ಮಾತು ಇದು.

ಪ್ರಶ್ನೆ (ಮಡಿಕೇರಿ): 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಮ್ಮ ಮನೆ ಹೋಯಿತು. ಆಗ ನಾನು ಚಿಕ್ಕವಳು. ಈಗ ನಮ್ಮ ಜಂಟಿ ಪ್ರಾಜೆಕ್ಟ್‌ನಲ್ಲಿ ಆ ಕಡೆಯವರಿಗೆ ಇದು ಹೇಗೋ ಗೊತ್ತಾಗಿದೆ. ನಿನ್ನ ಕತೆಯನ್ನೇ ಚಿತ್ರ ಮಾಡೋಣ, ತುಂಬಾ ಪರಿಣಾಮ ಬೀರುತ್ತದೆ ಅನ್ನುತ್ತಿದ್ದಾರೆ. ನನಗೆ ಇಷ್ಟವಿಲ್ಲ ಅಕ್ಕಾ. ಬೇಡ ಅಂದರೆ ನಾನು ಹಿಂದೆ ಸರಿದ ಹಾಗಾಗುತ್ತದಾ?

ಉತ್ತರ: ಆಗುವುದಿಲ್ಲ ಕಂದಾ. ಕತೆಯಲ್ಲಿ ಪಾಲು ಕೇಳಿ ಅಂತ ಮೇಲೆ ಅಷ್ಟು ಬರೆದೆ. ಕತೆಯನ್ನು ಕೊಡುವುದಿಲ್ಲ ಅನ್ನುವ ಹಕ್ಕೂ ಆ ಪಾಲಿನಲ್ಲೇ ಸೇರಿದೆ. ಆ ರಾತ್ರಿ ನಿನ್ನದು, ನಿನ್ನ ಮನೆಯವರದ್ದು. ಅದನ್ನು ಯಾವತ್ತು ಹೇಳಬೇಕು, ಯಾರಿಗೆ ಹೇಳಬೇಕು, ಹೇಳಲೇಬೇಕಾ ಅನ್ನುವುದು ನಿಮಗೇ ಬಿಟ್ಟದ್ದು. ಎಷ್ಟು ಪರಿಣಾಮ ಬೀರುತ್ತದೆ ಅನ್ನುವ ಲೆಕ್ಕ ಇಲ್ಲಿ ಬರಲೇಬಾರದು.

ಅವರಿಗೆ ಎರಡೇ ಸಾಲು ಬರೆ. ‘ಅದನ್ನು ಚಿತ್ರ ಮಾಡಲು ನನಗೆ ಇಷ್ಟವಿಲ್ಲ. ದಯವಿಟ್ಟು ಮತ್ತೆ ಕೇಳಬೇಡಿ.’ ಕಾರಣ ಕೊಡಬೇಕಿಲ್ಲ. ಮತ್ತೂ ಒತ್ತಾಯಿಸಿದರೆ ನಿಮ್ಮ ಕಾಲೇಜಿನ ಟೀಚರ್ ಹತ್ತಿರ ಹೇಳು, ಅವರು ಆ ಕಡೆಯ ಟೀಚರ್ ಜೊತೆ ಮಾತಾಡಲಿ.

ಪ್ರಾಜೆಕ್ಟ್‌ನಲ್ಲಿ ಉಳಿಯುವ ಮನಸ್ಸಿದ್ದರೆ, ನಿಮ್ಮ ಕಡೆಯ ಹೂಮಳೆ ಇದೆಯಲ್ಲಾ, ಅದನ್ನು ಬಿಡಿಸಬಹುದು. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಬಿಟ್ಟು ತೋಟಕ್ಕೆ ತೋಟವೇ ಬೆಳ್ಳಗಾಗುವುದು, ಆ ಮಳೆ ತಡವಾದರೆ ಮನೆಯವರೆಲ್ಲಾ ಆಕಾಶ ನೋಡುತ್ತಾ ನಿಲ್ಲುವುದು. ಕಾಫಿ ಕುಡಿಯುವ ಎಷ್ಟೋ ದೇಶದವರಿಗೆ ಅದು ಗೊತ್ತಿರುವುದಿಲ್ಲ. ಆ ಬಿಳಿ ಬಣ್ಣವನ್ನು ಕಾಗದದ ಮೇಲೆ ತರುವುದು ಸುಲಭವಲ್ಲ, ಹಿನ್ನೆಲೆಗೆ ಎಲೆಯ ಕಡು ಹಸಿರನ್ನು ಮೊದಲು ತುಂಬಿಕೋ, ಹೂವನ್ನು ಕೊನೆಗೆ ಇಡು.